ಪಾಸ್‌ಬುಕ್ ಹರಿದರೆ ಖಾತೆ ಮುಚ್ಚೀತೇ?

ಮೊಬೈಲಿನ ಪರದೆಯ ಮೇಲೆ ಒಂದು ಆ್ಯಪನ್ನು ಒತ್ತಿ ಹಿಡಿದರೆ 'ತೆಗೆದುಹಾಕಲೇ?' ಎಂದು ಕೇಳುತ್ತದೆ. ಹೂಂ ಎಂದರೆ ಸಾಕು, ಆ ಪುಟ್ಟ ಚಿತ್ರ ಮಾಯ. ಮಕ್ಕಳು ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಾರೆ. ಅಜ್ಜ ಅಜ್ಜಿಯರು ಮೊಮ್ಮಕ್ಕಳ ಕೈಗೆ ಫೋನ್ ಕೊಟ್ಟು ಮಾಡಿಸುತ್ತಾರೆ. ಆಮೇಲೆ ಇಬ್ಬರೂ 'ಹೋತು, ಪೀಡಾ ಕಳೀತು' ಎಂದು ನಿರಾಳವಾಗುತ್ತಾರೆ. ಹೋದದ್ದು ಏನು? ನಮ್ಮ ಫೋನಿನಲ್ಲಿದ್ದ ಆ್ಯಪ್ ಮಾತ್ರ. ಅದಕ್ಕೆ ನಾವು ಕೊಟ್ಟಿದ್ದ ಹೆಸರು, ಫೋನ್ ನಂಬರು, ಹುಟ್ಟಿದ ದಿನ, ಫೋಟೊ, ಯಾರ ಜೊತೆ ಏನು ಮಾತಾಡಿದೆವು ಎಂಬುದೆಲ್ಲ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಇದ್ದಲ್ಲೇ ಇರುತ್ತದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದ ನನಗೆ ಇದನ್ನು ನೋಡಿದಾಗಲೆಲ್ಲ ಕೌಂಟರಿನ ದಿನಗಳು ನೆನಪಾಗುತ್ತವೆ. ಯಾವುದೋ ಕಾರಣಕ್ಕೆ ಸಿಟ್ಟಾದ ಗ್ರಾಹಕ ಪಾಸ್‌ಬುಕ್ಕನ್ನು ಎರಡು ತುಂಡು ಮಾಡಿ 'ಇವತ್ತಿಗೆ ನಿಮ್ಮ ಋಣ ಹರೀತು' ಎಂದು ಎದ್ದು ಹೋಗುತ್ತಿದ್ದ. ಅವನ ಪಾಲಿಗೆ ಖಾತೆ ಮುಗಿದಿತ್ತು. ನಮ್ಮ ಲೆಡ್ಜರಿನಲ್ಲಿ ಮಾತ್ರ ಅದೇ ಪುಟ, ಅದೇ ಶಿಲ್ಕು. ಬಡ್ಡಿ ಬೇರೆ ಜಮಾ ಆಗುತ್ತಿತ್ತು! ಖಾತೆ ಮುಚ್ಚಬೇಕಾದರೆ ಅರ್ಜಿ ಬರೆದು ಕೊಡಬೇಕು, ಸಹಿಯು ನಮ್ಮಲ್ಲಿರುವ ಮಾದರಿ ಸಹಿಗೆ ತಾಳೆಯಾಗಬೇಕು, ಉಳಿದ ಚೆಕ್ ಹಾಳೆಗಳನ್ನು ಮರಳಿಸಬೇಕು. ಆ್ಯಪಿನದೂ ಇದೇ ಕತೆ. ಅನ್‌ಇನ್‌ಸ್ಟಾಲ್ ಮಾಡಿದರೆ ಪಾಸ್‌ಬುಕ್ ಹರಿದ ಹಾಗೆ. ಖಾತೆ ಅಳಿಸುವುದು ಬೇರೆಯೇ ಕೆಲಸ.

ಆ ಕೆಲಸಕ್ಕೊಂದು ಗುಂಡಿ ಈಗ ಬಹುತೇಕ ಆ್ಯಪುಗಳಲ್ಲಿ ಇದೆ. 2022ರ ಜೂನ್ 30ರಿಂದ ಆ್ಯಪಲ್ ಕಂಪನಿ, ಖಾತೆ ತೆರೆಯಲು ಬಿಡುವ ಆ್ಯಪ್ ತನ್ನೊಳಗಿನಿಂದಲೇ ಖಾತೆ ಅಳಿಸಲೂ ಬಿಡಬೇಕು ಎಂದು ನಿಯಮ ಮಾಡಿತು. ಮರುವರ್ಷ ಗೂಗಲ್ ಕೂಡ ತನ್ನ ಪ್ಲೇ ಸ್ಟೋರಿಗೆ ಅಂಥದೇ ನಿಯಮ ಪ್ರಕಟಿಸಿತು. ಆ್ಯಪನ್ನು ಆಗಲೇ ಫೋನಿನಿಂದ ತೆಗೆದವರು ವೆಬ್‌ಸೈಟಿನ ಮೂಲಕವೂ ಕೇಳಿಕೊಳ್ಳುವಂತಿರಬೇಕು ಎಂದಿತು. ಆದರೆ ಅದೇ ನಿಯಮದಲ್ಲಿ ಒಂದು ಕಿಂಡಿಯನ್ನೂ ಬಿಟ್ಟಿತು: ಭದ್ರತೆ, ವಂಚನೆ ತಡೆ, ಕಾನೂನು ಪಾಲನೆ ಇಂಥ ಕಾರಣಕ್ಕೆ ಕೆಲವು ಮಾಹಿತಿಯನ್ನು ಉಳಿಸಿಕೊಳ್ಳಬಹುದು, ಹಾಗೆ ಉಳಿಸಿಕೊಂಡರೆ ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮಕ್ಕಳಿಗೆ ಇಲ್ಲಿ ಒಂದು ಪ್ರಶ್ನೆ ಹುಟ್ಟಬೇಕು. ನನ್ನ ಮಾಹಿತಿ ನನ್ನದು, ನಾನು ಅಳಿಸಿ ಎಂದ ಮೇಲೆ ಕಂಪನಿಯವರು ಯಾಕೆ ಉಳಿಸಿಕೊಳ್ಳಬೇಕು? ನ್ಯಾಯವಾದ ಪ್ರಶ್ನೆ. ಉತ್ತರ ನನಗೆ ಪುಸ್ತಕ ಓದಿ ಹೊಳೆದದ್ದಲ್ಲ, ನಮ್ಮ ಓಣಿಯಲ್ಲೇ ನಡೆದ ಒಂದು ಸಂಗತಿಯಿಂದ ಹೊಳೆದದ್ದು.

ಒಂದೇ ಗುಂಡಿ, ಇಬ್ಬರು ಒತ್ತುವವರು

ಏಳನೇ ತರಗತಿಯ ಹುಡುಗಿ. ರಂಗೋಲಿ, ಬಣ್ಣದ ಚಿತ್ರ ಬರೆಯುವುದರಲ್ಲಿ ಜಾಣೆ. ಚಿತ್ರ ಹಂಚಿಕೊಳ್ಳುವ ಒಂದು ಆ್ಯಪಿನಲ್ಲಿ ಅಮ್ಮನ ಫೋನಿನಿಂದ ತನ್ನ ಚಿತ್ರಗಳನ್ನು ಹಾಕುತ್ತಿದ್ದಳು. ಒಂದೆರಡು ಕಡೆ ಶಾಲೆಯ ಸಮವಸ್ತ್ರದಲ್ಲಿ ತೆಗೆದ ಫೋಟೊವನ್ನೂ ಹಾಕಿದ್ದಳು. ಬೆನ್ನ ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರು ಎದ್ದು ಕಾಣುತ್ತಿತ್ತು. ಯಾರೋ ಅಪರಿಚಿತ ಮೊದಲು ಚಿತ್ರ ಚೆನ್ನಾಗಿದೆ ಎಂದ. ಆಮೇಲೆ ಹೇಳಬಾರದ್ದನ್ನು ಬರೆಯತೊಡಗಿದ. ಹುಡುಗಿ ಆ್ಯಪಿನಲ್ಲೇ ದೂರು ಕೊಟ್ಟಳು. ಅವನ ಖಾತೆಗೆ ತಡೆ ಬೀಳುವಷ್ಟರಲ್ಲಿ ಅವನೇ ಖಾತೆ ಅಳಿಸಿಕೊಂಡು, ಮರುದಿನ ಬೇರೆ ಹೆಸರಿನಲ್ಲಿ ಬಂದ. ಮತ್ತೆ ದೂರು, ಮತ್ತೆ ಅಳಿಸಿದ, ಮತ್ತೆ ಬಂದ. ಬರೆಯುವ ಧಾಟಿಯಿಂದಲೇ ಅವನೇ ಎಂದು ಗೊತ್ತಾಗುತ್ತಿತ್ತು.

ಹುಡುಗಿ ಹೆದರಿ ಅಜ್ಜಿಯ ಕೈ ಹಿಡಿದುಕೊಂಡು ನಮ್ಮನೆಗೆ ಬಂದಳು.

"ಅಜ್ಜಾರ, ನಾ ಎಲ್ಲಾ ಅಳಿಸಿಬಿಡ್ತೀನ್ರಿ. ನನ್ನ ಫೋಟೊ ಯಾರೂ ನೋಡೂದು ಬ್ಯಾಡ."

"ಅಳಿಸೂಣು ಯವ್ವಾ, ಖರೆ. ಆದ್ರ ಸ್ವಲ್ಪ ತಡಿ. ಮೊದಲ ಅವ ಬರದದ್ದನ್ನೆಲ್ಲ ಫೋಟೊ ತಗದಿಟ್ಕೋ. ನೀ ಅಳಿಸಿದಿ ಅಂದ್ರ ಅವನ ಮಾತೂ ಅದರ ಕೂಡನ ಹೋಗಬಹುದು. ನಾಳೆ ಯಾರರ ಕೇಳಿದ್ರ ಏನ ತೋರಸ್ತಿ?"

ಅಜ್ಜಿಗೆ ಇದು ಸರಿ ಬರಲಿಲ್ಲ. "ಆ ಹೊಲಸ ಮಾತ ಇಟ್ಕೊಂಡು ಏನ ಮಾಡೂದ್ರಿ?" ಎಂದರು. ಅವರ ಸಂಕಟ ಅರ್ಥವಾಗುವಂಥದೇ. ಕಡೆಗೆ ಹುಡುಗಿಯ ತಾಯಿ ಸ್ಕ್ರೀನ್‌ಶಾಟ್‌ಗಳನ್ನು ತೆಗೆದು, ದಿನಾಂಕ ಬರೆದು, ಆ್ಯಪಿನ ದೂರು ಅಧಿಕಾರಿಗೆ ಮಿಂಚಂಚೆ ಕಳಿಸಿದಳು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ದಾಖಲಿಸಿದಳು. ಅದಾದ ಮೇಲೆ ಹುಡುಗಿಯ ಖಾತೆ ಅಳಿಸಿದರು. ಕೆಲ ದಿನಗಳ ನಂತರ ಆ್ಯಪಿನವರಿಂದ ಉತ್ತರ ಬಂತು: ಈ ಸಲ ಖಾತೆಯನ್ನಲ್ಲ, ಆ ಫೋನನ್ನೇ ತಡೆದಿದ್ದೇವೆ ಎಂದು.

ಆ ಹುಡುಗಿಯೂ ಅಳಿಸುವ ಗುಂಡಿ ಒತ್ತಿದಳು, ಆ ಪೋಕರಿಯೂ ಅದೇ ಗುಂಡಿ ಒತ್ತಿದ. ಗುಂಡಿಗೆ ಯಾರ ಬೆರಳು ಯಾವುದೆಂದು ತಿಳಿಯುವುದಿಲ್ಲ. ಅಳಿಸಿ ಎಂದ ಕೂಡಲೇ ಎಲ್ಲವನ್ನೂ ತೊಳೆದು ಹಾಕುವ ಆ್ಯಪ್ ಹುಡುಗಿಗೆ ಒಳ್ಳೆಯದು, ಪೋಕರಿಗೆ ಇನ್ನೂ ಒಳ್ಳೆಯದು. ಏನನ್ನೂ ಅಳಿಸದ ಆ್ಯಪ್ ಪೋಕರಿಯನ್ನು ಹಿಡಿಯುತ್ತದೆ, ಆದರೆ ಹುಡುಗಿಯ ಸಮವಸ್ತ್ರದ ಫೋಟೊ ಅವಳು ಅಜ್ಜಿಯಾಗುವವರೆಗೂ ಅಲ್ಲೇ ಬಿದ್ದಿರುತ್ತದೆ. ಸರ್ಕಾರಗಳು, ನ್ಯಾಯಾಲಯಗಳು, ಕಂಪನಿಗಳು ತಲೆ ಕೆಡಿಸಿಕೊಂಡಿರುವುದು ಇದಕ್ಕೇ.

ದುರುಪಯೋಗ ಎಂದರೆ ಇಷ್ಟು ಭಯಂಕರವೇ ಆಗಬೇಕೆಂದಿಲ್ಲ. 'ಮೊದಲ ತಿಂಗಳು ಉಚಿತ' ಎಂಬ ಆ್ಯಪಿಗೆ ಸೇರಿ, ತಿಂಗಳ ಕೊನೆಗೆ ಖಾತೆ ಅಳಿಸಿ, ಮತ್ತೆ ಹೊಸಬನಂತೆ ಸೇರುವವರಿದ್ದಾರೆ. ಆಟದ ಆ್ಯಪಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದು, ಅಳಿಸಿ, ಮತ್ತೆ ಒಂದನೇ ಹಂತದಿಂದ ಸಾಚಾನಂತೆ ಶುರು ಮಾಡುವವರಿದ್ದಾರೆ. ಆನ್‌ಲೈನ್ ಅಂಗಡಿಯಿಂದ ಸೀರೆ ತರಿಸಿ, ಮದುವೆಗೆ ಉಟ್ಟು, ಮರಳಿಸಿ, ಖಾತೆ ಅಳಿಸುವವರೂ ಇದ್ದಾರಂತೆ! ಇವರಿಗೆಲ್ಲ ಹಕ್ಕಿನ ಹೆಸರು ಬಾಯಿಪಾಠ.

ಎಂಬತ್ತಾರರ ಅಜ್ಜ ಕೋರ್ಟಿಗೆ ಹೋದದ್ದು

ನಮ್ಮ ದೇಶದಲ್ಲಿ ಈ ಹಕ್ಕಿನ ಬೇರು ಕರ್ನಾಟಕದಲ್ಲೇ ಇದೆ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 1926ರಲ್ಲಿ ಹುಟ್ಟಿದವರು. 2012ರಲ್ಲಿ, ಅಂದರೆ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ನಮ್ಮಂಥವರು ಮಾತ್ರೆ ಎಣಿಸಿಕೊಂಡು ಕೂತಿರುತ್ತೇವೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ದೇಶದ ಪ್ರತಿ ಕಾನೂನು ಕಾಲೇಜಿನಲ್ಲೂ ಈಗ ಅವರ ಹೆಸರಿನ ತೀರ್ಪನ್ನು ಪಾಠ ಮಾಡುತ್ತಾರೆ.

2017ರ ಜನವರಿ 23ರಂದು ನಮ್ಮ ಹೈಕೋರ್ಟಿನಲ್ಲಿ ಇನ್ನೊಂದು ಆದೇಶ ಬಂದಿತ್ತು. ಸುದ್ದಿಯಲ್ಲಿ ಅಷ್ಟು ಮೆರೆಯಲಿಲ್ಲ, ನನಗೆ ಮಾತ್ರ ಅದು ಬಹಳ ಇಷ್ಟ. ಒಬ್ಬ ತಂದೆ ಅರ್ಜಿ ಹಾಕಿದ್ದರು. ಮಗಳ ಮದುವೆಗೆ ಸಂಬಂಧಿಸಿದ ಹಳೆಯ ವ್ಯಾಜ್ಯ ರಾಜಿಯಲ್ಲಿ ಮುಗಿದಿತ್ತು. ಆದರೆ ಇಂಟರ್‌ನೆಟ್ಟಿನಲ್ಲಿ ಯಾರಾದರೂ ಅವಳ ಹೆಸರು ಹುಡುಕಿದರೆ ಹೈಕೋರ್ಟಿನ ಹಳೆಯ ಆದೇಶ ಎದುರಿಗೆ ಬರುತ್ತಿತ್ತು. ಇದರಿಂದ ಅವಳ ಸಂಸಾರಕ್ಕೂ ಸಮಾಜದಲ್ಲಿನ ಹೆಸರಿಗೂ ಧಕ್ಕೆ ಎಂದು ತಂದೆಯ ಅಳಲು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ಏನು ಮಾಡಿದರು ನೋಡಿ. ಇಂಟರ್‌ನೆಟ್ಟಿನ ಹುಡುಕಾಟದಲ್ಲಿ ಅವಳ ಹೆಸರು ಕಾಣಿಸದಂತೆ ನೋಡಿಕೊಳ್ಳಿ ಎಂದು ಕಚೇರಿಗೆ ಸೂಚಿಸಿದರು. ಆದರೆ ಆ ಆದೇಶದ ದೃಢೀಕೃತ ನಕಲನ್ನು ಯಾರಾದರೂ ವಿಧಿಪೂರ್ವಕ ಕೇಳಿದರೆ ಅದರಲ್ಲಿ ಹೆಸರು ಇದ್ದಂತೆಯೇ ಇರುತ್ತದೆ ಎಂದರು. ಸಂತೆಯಲ್ಲಿ ಹೆಸರು ಕೂಗಬೇಡಿ, ಕಪಾಟಿನ ದಾಖಲೆಯನ್ನು ಸುಡಲೂ ಬೇಡಿ. ಎರಡೂ ಉಳಿಯಿತು.

ಇದಕ್ಕೆ ಮೂರು ವರ್ಷ ಮೊದಲು, 2014ರ ಮೇ ತಿಂಗಳಲ್ಲಿ, ಯುರೋಪಿನ ನ್ಯಾಯಾಲಯ ಇಂಥದೇ ದಾರಿ ಹಿಡಿದಿತ್ತು. ಸ್ಪೇನ್ ದೇಶದ ಒಬ್ಬರ ಆಸ್ತಿ ಸಾಲಕ್ಕಾಗಿ ಹರಾಜಿಗೆ ಬಂದದ್ದು 1998ರ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸಾಲ ತೀರಿ ವರ್ಷಗಳಾದರೂ ಗೂಗಲ್‌ನಲ್ಲಿ ಹೆಸರು ಹಾಕಿದರೆ ಅದೇ ಹರಾಜು. ಗೂಗಲ್ ಆ ಕೊಂಡಿ ತೆಗೆಯಬೇಕೆಂದು ತೀರ್ಪಾಯಿತು, ಪತ್ರಿಕೆಯ ಹಳೆಯ ಸಂಚಿಕೆ ಹಾಗೆಯೇ ಉಳಿಯಿತು. ಆಮೇಲೆ 2018ರ ಮೇ 25ರಿಂದ ಯುರೋಪಿನಲ್ಲಿ ಜಾರಿಗೆ ಬಂದ ಕಾನೂನಿನ 17ನೇ ವಿಧಿಯಲ್ಲಿ 'ನನ್ನನ್ನು ಮರೆತುಬಿಡಿ' ಎನ್ನುವ ಹಕ್ಕು ಅಚ್ಚಾಯಿತು.

ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಆಯಿತು. ಅದರ 12ನೇ ಕಲಮು, ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕು ಕೊಡುತ್ತದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲೇ. ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. 18 ವರ್ಷ ತುಂಬದ ಮಕ್ಕಳ ಮಾಹಿತಿ ಪಡೆಯಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕು ಎಂದೂ, ಮಕ್ಕಳನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ತೋರಿಸಬಾರದು ಎಂದೂ ಇದರಲ್ಲಿದೆ. ಮಕ್ಕಳ ವಿಷಯದಲ್ಲಿ ತಪ್ಪಿದ ಕಂಪನಿಗೆ 200 ಕೋಟಿ ರೂಪಾಯಿವರೆಗೆ ದಂಡ.

ಹಕ್ಕಿನ ಬೆನ್ನಿಗೇ ಕರ್ತವ್ಯವನ್ನೂ ಬರೆದಿದ್ದಾರೆ, ಇದನ್ನು ಹೇಳುವವರು ಕಡಿಮೆ. 15ನೇ ಕಲಮಿನ ಪ್ರಕಾರ ಬೇರೆಯವರ ವೇಷ ಹಾಕಬಾರದು, ಸುಳ್ಳು ದೂರು ಕೊಡಬಾರದು, ಅಳಿಸಲು ಕೇಳುವಾಗ ಪರಿಶೀಲಿಸಬಹುದಾದ ನಿಜ ಮಾಹಿತಿಯನ್ನೇ ಕೊಡಬೇಕು. ತಪ್ಪಿದರೆ 10,000 ರೂಪಾಯಿವರೆಗೆ ದಂಡ. ಬ್ಯಾಂಕಿನ ಮಾದರಿ ಸಹಿ ಇದ್ದದ್ದು ಇದಕ್ಕೇ ಅಲ್ಲವೇ? ನಿಮ್ಮ ಖಾತೆಯನ್ನು ನೀವು ಮುಚ್ಚಬಹುದು, ನಿಮ್ಮ ಹೆಸರು ಹೇಳಿಕೊಂಡು ಪಕ್ಕದ ಮನೆಯವ ಮುಚ್ಚಬಾರದು. 2019ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕ ಜೇಮ್ಸ್ ಪಾವರ್ ಎಂಬಾತ ಒಂದು ಪರೀಕ್ಷೆ ಮಾಡಿದ. ತಾನು ಮದುವೆಯಾಗಲಿದ್ದ ಹುಡುಗಿಯ ಒಪ್ಪಿಗೆ ಪಡೆದು, ಅವಳ ಹೆಸರಿನಲ್ಲಿ ತಾನೇ ಸುಮಾರು 150 ಕಂಪನಿಗಳಿಗೆ 'ನನ್ನ ಬಗ್ಗೆ ನಿಮ್ಮಲ್ಲಿರುವ ಮಾಹಿತಿ ಕೊಡಿ' ಎಂದು ಬರೆದ. ಅವಳ ಮಾಹಿತಿ ಇದ್ದ ಕಂಪನಿಗಳಲ್ಲಿ ನಾಲ್ಕರಲ್ಲಿ ಸುಮಾರು ಒಂದು, ಸರಿಯಾಗಿ ವಿಚಾರಿಸದೆ ಕೊಟ್ಟೇಬಿಟ್ಟಿತು! ಹಕ್ಕಿನ ಬಾಗಿಲಿಗೆ ಅಗಳಿ ಇಲ್ಲದಿದ್ದರೆ ಕಳ್ಳನೂ ಅಲ್ಲಿಂದಲೇ ಒಳಗೆ ಬರುತ್ತಾನೆ.

ಬ್ಯಾಂಕು ಅಳಿಸುವುದಿಲ್ಲ, ಆದರೆ ಸುಡುತ್ತದೆ

ನಮ್ಮ ಕಾಲದ ಲೆಡ್ಜರಿನಲ್ಲಿ ರಬ್ಬರು, ಬ್ಲೇಡು ತಾಗಿಸುವಂತಿರಲಿಲ್ಲ. ಅಂಕಿ ತಪ್ಪಾದರೆ ಹಳೆಯದು ಓದಲು ಬರುವಂತೆ ಅದರ ಮೇಲೊಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ. ಒಬ್ಬನ ಖರ್ಚು ಇನ್ನೊಬ್ಬನ ಜಮಾ. ರಾಣೆಬೆನ್ನೂರಿನ ವ್ಯಾಪಾರಿ ಬ್ಯಾಡಗಿಯ ರೈತನಿಗೆ ಚೆಕ್ ಕೊಟ್ಟು, ಆಮೇಲೆ ತನ್ನ ಖಾತೆ ಮುಚ್ಚಿ 'ನನ್ನದೆಲ್ಲ ಅಳಿಸಿ' ಎಂದರೆ ರೈತನ ಜಮಾ ಯಾರಿಂದ ಬಂತೆಂದು ಬರೆಯುವುದು? ಗುಂಪಿನಲ್ಲಿ ಆಡಿದ ಮಾತಿಗೂ ಇದು ಹೊಂದುತ್ತದೆ. ನಿಮ್ಮ ಮಾತನ್ನು ನೀವು ಅಳಿಸಬಹುದು, ಅದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರ ಅವರದು.

ಹಾಗೆಂದು ಬ್ಯಾಂಕು ಎಲ್ಲವನ್ನೂ ಯುಗಯುಗಕ್ಕೂ ಇಟ್ಟುಕೊಂಡು ಕೂರುವುದಿಲ್ಲ. ಯಾವ ಪುಸ್ತಕ ಎಷ್ಟು ವರ್ಷ ಎಂದು 1985ರ ನಿಯಮಗಳಿವೆ. ಕೆಲವಕ್ಕೆ 5 ವರ್ಷ, ಕೆಲವಕ್ಕೆ 8. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಬಂದ ಮೇಲೆ, ಖಾತೆ ಮುಚ್ಚಿದರೂ ಗ್ರಾಹಕರ ಗುರುತಿನ ದಾಖಲೆಯನ್ನು 5 ವರ್ಷ ಇಡಬೇಕು. ಸಾಲ ಮುಳುಗಿಸಿದವನು 'ಮರೆತುಬಿಡಿ' ಎಂದರೆ ಸಾಲದ ಇತಿಹಾಸ ಇಡುವ ಸಂಸ್ಥೆಗಳು ಕನಿಷ್ಠ 7 ವರ್ಷ ಮರೆಯುವುದಿಲ್ಲ. ಅವಧಿ ಮುಗಿದ ಮೇಲೆ ಪಟ್ಟಿ ಮಾಡಿ, ಮೇಲಿನವರ ಒಪ್ಪಿಗೆ ಪಡೆದು, ನಾಶ ಮಾಡಿ, ನಾಶ ಮಾಡಿದ್ದನ್ನೂ ಒಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಆ ದಿನ ನಮ್ಮ ಜವಾನನಿಗೆ ಹಬ್ಬ, ಧೂಳಿಗೆ ನನಗೆ ಸೀನು.

ಆ್ಯಪುಗಳಿಗೂ ಈಗ ಅಂಥ ಲೆಕ್ಕಗಳು ಬಂದಿವೆ. ಸರ್ಕಾರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಖಾತೆ ರದ್ದಾದ ಮೇಲೂ ನೋಂದಣಿ ಮಾಹಿತಿಯನ್ನು 180 ದಿನ ಇಡಬೇಕು. ದೂರಿನ ಮೇಲೆ ತೆಗೆದ ವಿಷಯವನ್ನೂ ತನಿಖೆಗಾಗಿ 180 ದಿನ ಕಾಪಾಡಬೇಕು. ಹೊಸ ನಿಯಮಗಳಲ್ಲಿ ದೊಡ್ಡ ಅಂಗಡಿ, ಆಟ, ಸಾಮಾಜಿಕ ಜಾಲತಾಣದ ಕಂಪನಿಗಳು 3 ವರ್ಷ ತಿರುಗಿ ನೋಡದ ಬಳಕೆದಾರರ ಮಾಹಿತಿಯನ್ನು ಅಳಿಸಬೇಕು, ಅಳಿಸುವ 48 ಗಂಟೆ ಮೊದಲು ತಿಳಿಸಬೇಕು ಎಂದಿದೆ. ಇಲ್ಲಿ ಬಳಕೆದಾರರು ಸಾಮಾಜಿಕ ಜಾಲತಾಣಕ್ಕೆ 2 ಕೋಟಿ, ಆಟಕ್ಕೆ 50 ಲಕ್ಷ ಇದ್ದರೆ 'ದೊಡ್ಡದು'. ಅಪರಾಧ ತಡೆಯಲು, ಪತ್ತೆ ಮಾಡಲು ಬೇಕಾದ ಮಾಹಿತಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ಉಚಿತ ತಿಂಗಳನ್ನು ಹತ್ತು ಸಲ ಪಡೆಯುವುದು ಅಪರಾಧವೋ, ಬರೀ ಕಿಲಾಡಿತನವೋ? ಅಂಥ ಚಿಲ್ಲರೆ ಮೋಸಕ್ಕೆಂದು ಹಳೆಯ ಹೆಸರು, ನಂಬರು ಇಟ್ಟುಕೊಳ್ಳಬಹುದೇ ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ. ಮುಂದೆ ಮಂಡಳಿಯೂ ಕೋರ್ಟುಗಳೂ ಬಿಡಿಸಬೇಕಾದ ಗಂಟು ಇದು.

ಮೆಣಸಿನಕಾಯಿ ಪುಡಿಯ ಉಪಾಯ

ಕಂಪ್ಯೂಟರ್ ಓದಿದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅದಕ್ಕೆ ಹ್ಯಾಷ್ ಎನ್ನುತ್ತಾರೆ. ನಮ್ಮ ಸೀಮೆಯ ಭಾಷೆಯಲ್ಲಿ ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯನ್ನು ಗಿರಣಿಗೆ ಹಾಕಿ ಪುಡಿ ಮಾಡಿಸುತ್ತೇವೆ. ಪುಡಿಯನ್ನು ಮತ್ತೆ ಕಾಯಿ ಮಾಡಲು ಬ್ರಹ್ಮನಿಂದಲೂ ಆಗದು. ಈಗ ಒಂದು ಮಾಯದ ಗಿರಣಿ ಊಹಿಸಿಕೊಳ್ಳಿ. ಅದು ಯಾವ ಕಾಯಿ ಹಾಕಿದರೂ ಆ ಕಾಯಿಗೇ ಮೀಸಲಾದ ಬಣ್ಣದ ಪುಡಿ ಕೊಡುತ್ತದೆ. ಅದೇ ಕಾಯಿ ಹಾಕಿದರೆ ಪ್ರತಿ ಸಲವೂ ಅದೇ ಬಣ್ಣ. ಬೇರೆ ಕಾಯಿಗೆ ಬೇರೆ ಬಣ್ಣ.

ಪೋಕರಿಯ ಫೋನ್ ನಂಬರನ್ನು ಆ್ಯಪಿನವರು ಈ ಗಿರಣಿಗೆ ಹಾಕುತ್ತಾರೆ. ಪುಡಿಯನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡು ನಂಬರನ್ನು ಎಸೆಯುತ್ತಾರೆ. ಹೆಸರಿಲ್ಲ, ಫೋಟೊ ಇಲ್ಲ, ನಂಬರೂ ಇಲ್ಲ. ಮರುದಿನ ಯಾರಾದರೂ ಹೊಸದಾಗಿ ಸೇರಲು ಬಂದರೆ ಅವರ ನಂಬರನ್ನೂ ಗಿರಣಿಗೆ ಹಾಕಿ ನೋಡುತ್ತಾರೆ. ಡಬ್ಬಿಯ ಪುಡಿಗೆ ಬಣ್ಣ ಕೂಡಿದರೆ 'ಇವನು ಹಳೆಯ ಗಿರಾಕಿ' ಎಂದು ಗೊತ್ತಾಗುತ್ತದೆ. ಒಳ್ಳೆಯವರ ಪುಡಿ ಇಡುವ ಅಗತ್ಯವೇ ಇಲ್ಲ. ನಮ್ಮ ಹುಡುಗಿಯದನ್ನು ಪೂರ್ತಿ ಅಳಿಸಬಹುದು.

ಕೇಳಲು ಸೊಗಸು. ಆದರೆ ನಾನು ಬ್ಯಾಂಕಿನವನು, ಲೆಕ್ಕ ಹಾಕದೆ ನಂಬುವವನಲ್ಲ. ನಮ್ಮ ದೇಶದ ಮೊಬೈಲ್ ನಂಬರಿಗೆ 10 ಅಂಕಿ, ಮೊದಲ ಅಂಕಿ 6, 7, 8 ಅಥವಾ 9. ಹಾಗಾದರೆ ಒಟ್ಟು ಸಾಧ್ಯವಿರುವ ನಂಬರುಗಳು 4 ಗುಣಿಸು 100 ಕೋಟಿ, ಅಂದರೆ 400 ಕೋಟಿ. ಮಕ್ಕಳೇ, ನೀವೇ ಗುಣಿಸಿ ನೋಡಿ. ಮನುಷ್ಯನಿಗೆ ಇದು ಭಾರೀ ಸಂಖ್ಯೆ, ಕಂಪ್ಯೂಟರಿಗೆ ಒಂದು ದಿನದ ಕೂಲಿಯೂ ಅಲ್ಲ. ಡಬ್ಬಿ ಕದ್ದವನು 400 ಕೋಟಿ ನಂಬರನ್ನೂ ತನ್ನ ಗಿರಣಿಯಲ್ಲಿ ಬೀಸಿ, ಯಾವುದರ ಬಣ್ಣ ಕೂಡುತ್ತದೆ ಎಂದು ನೋಡಿದರೆ ನಂಬರು ಸಿಕ್ಕಿಬಿಡುತ್ತದೆ. ಪುಡಿಯನ್ನು ಕಾಯಿ ಮಾಡಬೇಕಿಲ್ಲ, ಎಲ್ಲ ಕಾಯಿಯನ್ನೂ ಬೀಸಿ ನೋಡಿದರೆ ಸಾಕು.

ಅದಕ್ಕೇ ಜಾಣ ಕಂಪನಿಗಳು ಬೀಸುವ ಮುನ್ನ ತಮ್ಮದೇ ಗುಟ್ಟಿನ ಮಸಾಲೆಯ ಒಂದು ಚಿಟಿಕೆ ಸೇರಿಸುತ್ತವೆ. ಮಸಾಲೆ ಗೊತ್ತಿಲ್ಲದ ಕಳ್ಳ ಎಷ್ಟು ಬೀಸಿದರೂ ಬಣ್ಣ ಕೂಡುವುದಿಲ್ಲ. ಆ ಮಸಾಲೆಯನ್ನು ಪುಡಿಯ ಡಬ್ಬಿಯ ಪಕ್ಕದಲ್ಲೇ ಇಡಬಾರದು. ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬನೇ ತೆರೆಯಲು ಬರುತ್ತಿರಲಿಲ್ಲ. ಅದೇ ಪದ್ಧತಿ ಇಲ್ಲೂ ಬೇಕು.

ಇನ್ನೊಂದು ತೊಡಕು ಇದೆ, ಇದು ಅಜ್ಜ ಅಜ್ಜಿಯರಿಗೆ ನೇರ ತಟ್ಟುವಂಥದು. ಬಿಟ್ಟ ಮೊಬೈಲ್ ನಂಬರನ್ನು ಕಂಪನಿಗಳು 90 ದಿನ ಕಾದು ಬೇರೊಬ್ಬರಿಗೆ ಕೊಡಬಹುದು. ಪೋಕರಿ ನಂಬರು ಬಿಟ್ಟ, ನಾಲ್ಕು ತಿಂಗಳ ಮೇಲೆ ಅದೇ ನಂಬರು ಹಾವೇರಿಯ ಒಬ್ಬ ಅಜ್ಜಿಗೆ ಬಂತು ಎನ್ನಿ. ಮೊಮ್ಮಗನ ಫೋಟೊ ನೋಡಲೆಂದು ಆ್ಯಪ್ ತೆರೆದರೆ 'ನಿಮಗೆ ಪ್ರವೇಶವಿಲ್ಲ, ನೀವು ಹಿಂದೆ ದುರ್ವರ್ತನೆ ತೋರಿದ್ದೀರಿ' ಎಂದು ಬರುತ್ತದೆ! ಆ ಅಜ್ಜಿ ಯಾರನ್ನು ಕೇಳಬೇಕು? ಪುಡಿ ಮಾತಾಡುವುದಿಲ್ಲ. ಫೋನನ್ನೇ ತಡೆದರೂ ಗೋಳು ತಪ್ಪದು. ನಮ್ಮ ಮನೆಗಳಲ್ಲಿ ಒಂದು ಫೋನು, ಮೂವರು ಮೊಮ್ಮಕ್ಕಳು. ಒಬ್ಬನ ಕಿತಾಪತಿಗೆ ಮೂವರಿಗೂ, ಜೊತೆಗೆ ಅಜ್ಜನಿಗೂ ಬಾಗಿಲು ಬಂದ್.

ಬ್ಯಾಂಕುಗಳಿಗೂ ಇದೇ ಕಾಟ ಇತ್ತು. ಹಳೆಯ ಗ್ರಾಹಕನ ಒಟಿಪಿ ಹೊಸ ಚಂದಾದಾರನ ಫೋನಿಗೆ ಹೋಗುವ ಅಪಾಯ. ರದ್ದಾದ ಮೊಬೈಲ್ ನಂಬರುಗಳ ಸರ್ಕಾರಿ ಪಟ್ಟಿಯನ್ನು ನೋಡಿ ತಮ್ಮ ದಾಖಲೆ ಸರಿಪಡಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಆ್ಯಪಿನವರ ಪುಡಿಯ ಡಬ್ಬಿಗೂ ಅಂಥದೊಂದು ಶುದ್ಧೀಕರಣ ಬೇಕು.

ನನ್ನನ್ನು ಕೇಳಿದರೆ ಪುಡಿಗೂ ಔಷಧದ ಶೀಶೆಯಂತೆ ಮುಗಿಯುವ ದಿನಾಂಕ ಇರಬೇಕು. ಉಚಿತ ತಿಂಗಳ ಕಿಲಾಡಿಗೆ ಒಂದು ವರ್ಷ ಸಾಕೇಸಾಕು. ಮಕ್ಕಳನ್ನು ಪೀಡಿಸಿದವನದು ಬೇರೆ ಮಾತು, ಅವನ ದಾಖಲೆ ಪೊಲೀಸರ ಕೆಲಸ ಮುಗಿಯುವವರೆಗೂ ಇರಲಿ. ಯಾರನ್ನು ತಡೆದರೂ ಮನುಷ್ಯನೊಬ್ಬ ಕೂತು ಓದುವ ಒಂದು ಮೇಲ್ಮನವಿಯ ದಾರಿ ಬೇಕು. ಮತ್ತು ದುರುಪಯೋಗ ತಡೆಯಲೆಂದು ಇಟ್ಟದ್ದನ್ನು ಜಾಹೀರಾತಿಗೆ ಮುಟ್ಟಬಾರದು. ಕಂಪನಿಗಳು ಭದ್ರತೆಯ ಹೆಸರು ಹೇಳಿ ಇಟ್ಟುಕೊಂಡು, ವ್ಯಾಪಾರಕ್ಕೆ ಬಳಸುವ ಗುಮಾನಿ ನನಗೆ ಇದ್ದೇ ಇದೆ. ನಮ್ಮ ಕಾಗಿನೆಲೆಯ ಪ್ರತಿ ಮಗುವಿಗೂ ಕನಕದಾಸರ ಬಾಳೆಹಣ್ಣಿನ ಕತೆ ಗೊತ್ತು. ಯಾರೂ ನೋಡದ ಜಾಗದಲ್ಲಿ ತಿನ್ನಿರಿ ಎಂದು ಗುರುಗಳು ಕೊಟ್ಟ ಹಣ್ಣನ್ನು, ದೇವರು ನೋಡದ ಜಾಗವೇ ಇಲ್ಲವೆಂದು ಕನಕರು ಹಾಗೇ ಮರಳಿ ತಂದರು. ಈ ಕತೆ ಹೇಳಿ ಕೆಲವರು 'ಆ್ಯಪು ನೋಡಿದರೆ ಏನಾಯ್ತು, ದೇವರೇ ನೋಡುತ್ತಾನಲ್ಲ' ಎನ್ನುತ್ತಾರೆ. ಕನಕರ ಆದಿಕೇಶವ ನೋಡಿದ್ದನ್ನು ಯಾರಿಗೂ ಮಾರಲಿಲ್ಲ ಸ್ವಾಮಿ!

ಮಕ್ಕಳ ಮಟ್ಟಿಗೆ ಇನ್ನೊಂದು ಸಂಗತಿ. ನಿಮ್ಮ ಆಧಾರ್ ಮಾಡಿಸಿದ್ದು ತಂದೆತಾಯಿ, ನಿಮ್ಮನ್ನು ಕೇಳಿ ಅಲ್ಲ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಂಥ ಮಕ್ಕಳಿಗೆ ದೊಡ್ಡವರಾದ ಮೇಲೆ ಹೊರಬರುವ ಅವಕಾಶ ಇರಬೇಕು ಎಂದಿತು. 2019ರ ತಿದ್ದುಪಡಿಯಲ್ಲಿ 18 ತುಂಬಿದ 6 ತಿಂಗಳೊಳಗೆ ರದ್ದು ಕೋರಬಹುದು ಎಂದು ಸೇರಿಸಿದರು. ಎಷ್ಟು ಜನ ಬಳಸುತ್ತಾರೋ ಬೇರೆ ಮಾತು. ನಿಮ್ಮ ಪರವಾಗಿ ಹಿರಿಯರು ಕೊಟ್ಟ ಒಪ್ಪಿಗೆಯನ್ನು ಬೆಳೆದ ಮೇಲೆ ನೀವು ಹಿಂಪಡೆಯಬಹುದು ಎಂಬುದು ನನಗೆ ಹಿಡಿಸಿತು. ಹುಟ್ಟಿದ ಗಳಿಗೆಯಿಂದ ಮೊಮ್ಮಕ್ಕಳ ಫೋಟೊಗಳನ್ನು ಊರಿಗೆಲ್ಲ ಹಂಚುವ ನಮ್ಮಂಥ ಅಜ್ಜಂದಿರು ಇದನ್ನು ಗಮನಿಸಬೇಕು.

ಈಗ ಮನೆಯಲ್ಲಿ ಮಾಡಬಹುದಾದದ್ದು. ಬೇಡದ ಆ್ಯಪನ್ನು ತೆಗೆಯುವ ಮುನ್ನ ಅದನ್ನು ತೆರೆದು, ಸೆಟ್ಟಿಂಗ್ಸ್ ಒಳಗೆ ಖಾತೆ ಅಳಿಸುವ ಜಾಗ ಹುಡುಕಿ. ಇದು ಮೊಮ್ಮಕ್ಕಳ ಕೆಲಸ. ಅಳಿಸಿದ ತಕ್ಷಣ ಎಲ್ಲ ಹೋಗಿರುವುದಿಲ್ಲ. ವಾಟ್ಸ್ಆ್ಯಪ್, ಫೇಸ್‌ಬುಕ್ ಎರಡೂ ಪೂರ್ತಿ ಅಳಿಸಲು 90 ದಿನದವರೆಗೆ ಬೇಕೆಂದು ಹೇಳುತ್ತವೆ. ಸಾಲದ ಆ್ಯಪ್ ಬಳಸಿದ್ದರೆ ಸಾಲ ತೀರಿಸಿದ ರಸೀತಿ ಕೈಗೆ ಬರುವವರೆಗೆ ಅಳಿಸಬೇಡಿ. ತೀರಿದ ಮೇಲೆ ಕೊಟ್ಟ ಒಪ್ಪಿಗೆ ಹಿಂಪಡೆದು ಮಾಹಿತಿ ಅಳಿಸಲು ಕೇಳುವ ಅವಕಾಶವನ್ನು ರಿಸರ್ವ್ ಬ್ಯಾಂಕು 2022ರ ಮಾರ್ಗಸೂಚಿಯಲ್ಲೇ ಕೊಟ್ಟಿದೆ. ಯಾರಾದರೂ ಕಾಟ ಕೊಟ್ಟಿದ್ದರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ದೂರು, ಕೊನೆಗೆ ಅಳಿಸುವುದು. ಈ ಅನುಕ್ರಮ ತಪ್ಪಬೇಡಿ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ. ಮಕ್ಕಳಿಗೆ ತೊಂದರೆಯಾಗಿದ್ದರೆ 1098 ಇದೆ.

ಹಳೆಯ ನಂಬರು ಬಿಡುವ ಮುನ್ನ ಬ್ಯಾಂಕು, ಆಧಾರ್, ಗ್ಯಾಸ್, ವಾಟ್ಸ್ಆ್ಯಪ್ ಎಲ್ಲೆಲ್ಲಿ ಅದು ಇದೆಯೋ ಅಲ್ಲೆಲ್ಲ ಹೊಸದನ್ನು ಕೊಡಿ. ತೀರಿಹೋದ ಹಿರಿಯರ ನಂಬರಿನ ವಿಷಯದಲ್ಲೂ ಅಷ್ಟೇ, ದುಃಖದಲ್ಲಿ ಇದು ಮರೆತೇ ಹೋಗುತ್ತದೆ. ಗುಂಡಿ ಸಿಗದ ಆ್ಯಪಿಗೆ ಅದರ ದೂರು ಅಧಿಕಾರಿಯ ಹೆಸರಿಗೆ ಮಿಂಚಂಚೆ ಬರೆಯಿರಿ: ನನ್ನ ಖಾತೆ ಅಳಿಸಿ, ಏನನ್ನಾದರೂ ಉಳಿಸಿಕೊಳ್ಳುವುದಾದರೆ ಯಾವುದನ್ನು, ಯಾವ ಕಾರಣಕ್ಕೆ, ಎಲ್ಲಿಯವರೆಗೆ ಎಂದು ತಿಳಿಸಿ. ಮೂರು ಸಾಲು ಸಾಕು, ಕನ್ನಡದಲ್ಲೂ ಬರೆಯಬಹುದು. ಕಳಿಸಿದ ಪತ್ರದ ನಕಲನ್ನು ದಿನಾಂಕ ಸಮೇತ ತೆಗೆದಿಡಿ. ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡುವ ದಿನ ಬಂದಾಗ ಮೊದಲು ಕೇಳುವುದು ಅದನ್ನೇ.